ಹೊಟ್ಟೆಯ ಲೋಳೆಗೆ ಆಂಟಿಬಾಡಿ ಹಾಕಿದರೆ ಇಲಿಯಲ್ಲಿ ಮಾತ್ರ ಬಣ್ಣ ಬರ್ತಿದೆ, ಯಾಕೆ?

ಗುಬ್ಬಿ_ಹುಡುಗಿ
ತುಮಕೂರಿನಲ್ಲಿ ಪ್ರಾಣಿಶಾಸ್ತ್ರ ಎಂ.ಎಸ್ಸಿ. ಓದುತ್ತಿದ್ದೇನೆ. ಬೆನ್ನೆಲುಬಿರುವ ಬೇರೆ ಬೇರೆ ಪ್ರಾಣಿಗಳ ಹೊಟ್ಟೆಯ ಲೋಳೆ ಹೋಲಿಸುವ ಪ್ರಾಜೆಕ್ಟು. ಇಲಿಯದು ಲ್ಯಾಬಿನಲ್ಲೇ ಇತ್ತು. ಕುರಿಯ ಬೋಟಿ, ಕೋಳಿಯ ಕಂದನಕಾಯಿ ಅಂಗಡಿಯಿಂದ ತಂದೆ, ಮೀನು ಅಂದ್ರೆ ನಮ್ಮೂರ ಕೆರೆಯ ರೋಹು. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿ, ಸೆಕ್ಷನ್ ತೆಗೆದು, ಹೊಟ್ಟೆಯ ಲೋಳೆಯಲ್ಲಿರುವ ಎಂಯುಸಿ5ಎಸಿ ಅನ್ನೋ ಮ್ಯೂಸಿನ್ನಿಗೆ (ಲೋಳೆಯ ಮುಖ್ಯ ಪ್ರೋಟೀನ್) ಅಂಟುವ ಆಂಟಿಬಾಡಿ ಹಾಕಿದೆ, ಅಂಟಿದ ಕಡೆ ಕಂದು ಬಣ್ಣ ಬರಬೇಕು. ಇಲಿಯಲ್ಲಿ ಮೇಲ್ಪದರ ಚೆನ್ನಾಗಿ ಕಂದು ಬಣ್ಣಕ್ಕೆ ತಿರುಗಿತು. ಉಳಿದ ಮೂರೂ ಬೋಳು. ಆಂಟಿಬಾಡಿ ಕೆಟ್ಟಿದೆಯಾ? ಇನ್ನೊಂದು ತರಿಸಲು ದುಡ್ಡಿಲ್ಲ.

ಕೋಲಾರದ_ದನದ_ಡಾಕ್ಟ್ರು
ಆಂಟಿಬಾಡೀನ ಸುಮ್ನೆ ಬೈಬೇಡಿ. ನೀವು ಹಾಕಿದ್ದು ಹೊಟ್ಟೆಯೇ ಅಲ್ಲ! ಟವೆಲ್ ಥರ ಇರುವ ಬೋಟಿ ಕುರಿಯ ಮೊದಲ ಕೋಣೆ, ಅದರ ಒಳಪದರ ಚರ್ಮದಂಥದ್ದು, ಲೋಳೆ ಸುರಿಸುವ ಕೋಶವೇ ಇಲ್ಲ. ನಿಮಗೆ ಬೇಕಾದದ್ದು ನಾಲ್ಕನೇ ಕೋಣೆ, ಒಳಗೆ ಮಡಿಕೆ ಮಡಿಕೆ, ಮುಟ್ಟಿದರೆ ಜಾರುತ್ತೆ. ಕಂದನಕಾಯಿ ತೊಳೆಯುವಾಗ ಹಳದಿ ಪೊರೆ ಸುಲಿದು ಬಿಸಾಡ್ತೀವಲ್ವಾ, ಅದು ಗ್ರಂಥಿಗಳ ರಸವೇ ಗಟ್ಟಿಯಾಗಿ ಆದದ್ದು. ಆಮ್ಲ ಬರೋದು ಅದಕ್ಕಿಂತ ಮೇಲಿರುವ ಮೆತ್ತನೆಯ ಭಾಗದಲ್ಲಿ, ಅದನ್ನು ತಗೊಳ್ಳಿ. ಇನ್ನು ರೋಹು, ಕಾಟ್ಲಾ, ಗೆಂಡೆ ಜಾತಿಗೆ ಜಠರವೇ ಇಲ್ಲ, ಗಂಟಲಿಂದ ನೇರ ಕರುಳು. ಜಿಲೇಬಿ ಮೀನು ಹಿಡೀರಿ, ಅದಕ್ಕಿದೆ.

ಸ್ಲೈಡ್_ಹುಚ್ಚ (ಚಿಂತಾಮಣಿ)
ಡಾಕ್ಟ್ರು ಹೇಳಿದ್ದು ಸರಿ, ಆದರೆ ಅರ್ಧ. ನಿಮ್ಮ ಆಂಟಿಬಾಡಿ ಹಿಡಿಯೋದು ಮ್ಯೂಸಿನ್‌ನ ಪ್ರೋಟೀನ್ ಎಳೆಯನ್ನು. ಪ್ರಾಣಿ ದೂರದ್ದಾದಷ್ಟೂ ಎಳೆ ಬದಲಾಗಿ ಹಿಡಿತ ತಪ್ಪಬಹುದು, ಮೇಲೆ ಸಕ್ಕರೆ ಬೇರೆ ಮುಚ್ಚಿರುತ್ತೆ, ಮ್ಯೂಸಿನ್ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಕ್ಕರೆಯೇ. ಹಾಗಾಗಿ ಹೋಲಿಕೆಗೆ ಸಕ್ಕರೆಯನ್ನು ಹಿಡಿಯುವ ಎಚ್‌ಐಕೆ1083 ಥರದ ಆಂಟಿಬಾಡಿ ಒಳ್ಳೇದು. ಇಲಿಯ ಹೊಟ್ಟೆಯ ಲೋಳೆಯಿಂದಲೇ ಜಪಾನಿನಲ್ಲಿ ಮಾಡಿದ್ದು, ಮನುಷ್ಯರ ಹೊಟ್ಟೆಯಲ್ಲೂ ಹಿಡಿಯುತ್ತೆ, ಆದರೆ ಮೇಲ್ಪದರದಲ್ಲಲ್ಲ, ಒಳಗಿನ ಗ್ರಂಥಿಯ ಲೋಳೆಯಲ್ಲಿ. ಅದು ಹಿಡಿಯುವ ಈ ಸಕ್ಕರೆ, ಹೊಟ್ಟೆಹುಣ್ಣು ತರುವ ಹೆಲಿಕೋಬ್ಯಾಕ್ಟರ್ ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುತ್ತೆ ಅಂತ 2004ರಲ್ಲಿ ತೋರಿಸಿದರು. ಒಂದು ಮಾತು: ಎರಡು ಪ್ರಾಣಿಯಲ್ಲಿ ಬಣ್ಣ ಬಂದರೆ ಸಕ್ಕರೆ ಒಂದೇ ಅಂತಷ್ಟೇ ಬರೀರಿ, ಪ್ರೋಟೀನೂ ಒಂದೇ ಅನ್ನಬೇಡಿ.

ದುಡ್ಡಿಲ್ಲ ಅಂದ್ರಲ್ಲ, ಮೊದಲು ಸಕ್ಕರೆಗೆ ಹಿಡಿಯುವ ಪಿಎಎಸ್ ಬಣ್ಣ ಹಾಕಿ. ಹೊಟ್ಟೆಯ ಲೋಳೆ ಇದ್ದರೆ ಕಡು ಗುಲಾಬಿ ಬರುತ್ತೆ. ಫಾರ್ಮಲಿನ್‌ನಲ್ಲಿ ಮೇಲಿನ ಲೋಳೆಯ ಪದರ ಕುಗ್ಗಿ ಹೋಗುತ್ತೆ, ಕಾರ್ನಾಯ್ ದ್ರಾವಣ ಬಳಸಿ: ಆಲ್ಕೋಹಾಲ್ 60, ಕ್ಲೋರೋಫಾರ್ಮ್ 30, ಅಸಿಟಿಕ್ ಆಮ್ಲ 10 ಭಾಗ.

ಗುಬ್ಬಿ_ಹುಡುಗಿ
ಬೆಳಗ್ಗೆ ಅಂಗಡಿಗೆ ಹೋಗಿ "ನಾಲ್ಕನೇ ಕೋಣೆ ಕೊಡಿ ಅಣ್ಣ" ಅಂದೆ. "ಯಾವ ಕೋಣೆ ಕಣಮ್ಮಾ?" ಅಂದ್ರು. ಬಕೆಟ್‌ಗೆ ಕೈ ಹಾಕಿ ನಾನೇ ಹುಡುಕಿದೆ, ಜಾರಿದ್ದು ಸಿಕ್ತು. ಪಿಎಎಸ್‌ನಲ್ಲಿ ಕಡು ಗುಲಾಬಿ!

ಸ್ಲೈಡ್_ಹುಚ್ಚ (ಚಿಂತಾಮಣಿ)
ಭೇಷ್. ಮೊದಲ ಆಂಟಿಬಾಡಿ ಹಾಕದೆ ಬರೀ ಎರಡನೇದು (ಮೊದಲನೇದಕ್ಕೆ ಅಂಟಿ ಬಣ್ಣ ತರುವುದು) ಹಾಕಿದ ಸ್ಲೈಡು ಇಟ್ಟಿದ್ದೀರಾ? ಇಲ್ಲದಿದ್ದರೆ ಇಲಿಯ ಕಂದು ಬಣ್ಣವನ್ನೂ ನಂಬೋಕಾಗಲ್ಲ.

ಗುಬ್ಬಿ_ಹುಡುಗಿ
ಇಟ್ಟಿಲ್ಲ. ನಾಳೆ ಮತ್ತೆ ಶುರು.