ಸಹಾಯ ಬೇಕು: ಚರ್ಮದ ಅಂಟಿನ ಬದಲು ಏನು ಬಳಸಬಹುದು?

ಎಲ್ಲರಿಗೂ ನಮಸ್ಕಾರ. ನಾನು ಮರದ ಹಲಗೆ ಮೇಲೆ ಚಿತ್ರ ಬರೆಯುತ್ತೇನೆ. ಹಲಗೆಗೆ ಮೊದಲು ಹಳೇ ಪದ್ಧತಿಯ ಗೆಸ್ಸೊ ಬಳಿಯುತ್ತೇನೆ, ಅಂದರೆ ಪ್ರಾಣಿ ಚರ್ಮದ ಅಂಟಿನಲ್ಲಿ ಕಲಸಿದ ಸೀಮೆಸುಣ್ಣದ ಪುಡಿ. ಅಂಟಿನ ಹರಳು ತಣ್ಣೀರಲ್ಲಿ ನೆನೆದು ಉಬ್ಬುತ್ತವೆ. ಆಮೇಲೆ ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ನಿಧಾನವಾಗಿ ಕರಗಿಸಬೇಕು. ಕುದಿಸಿದರೆ ಅಂಟಿನ ಬಲವೇ ಹೋಗುತ್ತದೆ. ಒಣಗಿದ ಮೇಲೆ ಉಜ್ಜಿದರೆ ಎಷ್ಟು ನುಣುಪು ಅಂದ್ರೆ, ಬೆರಳು ಜಾರುತ್ತದೆ!

ಈಗ ನನ್ನ ಹತ್ತಿರ ಕಲಿಯುತ್ತಿರುವ ಒಬ್ಬರು ಪ್ರಾಣಿಗಳಿಂದ ಬಂದ ಯಾವುದನ್ನೂ ಬಳಸುವುದಿಲ್ಲ. ಅವರ ನಿಲುವು ನನಗೆ ಇಷ್ಟವಾಯಿತು, ದಾರಿ ಹುಡುಕಿಕೊಡಬೇಕು ಅನ್ನಿಸಿದೆ. ಬಣ್ಣ ಕಲಸಲು ಮೊಟ್ಟೆ ಬದಲು ಗಮ್ ಅರೇಬಿಕ್ ಇದೆ. ಅದು ಮರದಿಂದ ಒಸರುವ ಅಂಟು. ಕೊಚಿನೀಲ್ ಕೀಟದಿಂದ ತೆಗೆಯುವ ಕೆಂಪು ಬಿಟ್ಟು ಬೇರಿನಿಂದ ಬರುವ ಕೆಂಪು ತಗೋಬಹುದು. ಕೂದಲಿನ ಕುಂಚಕ್ಕೆ ಸಿಂಥೆಟಿಕ್ ಸಾಕು. ಹಲಗೆಯ ಪದರದ್ದೇ ಚಿಂತೆ.

ಪ್ರಾಣಿ ಅಂಟಿನ ಬದಲು ಪ್ಲಾಸ್ಟಿಕ್ ತರಹದ ಅಂಟಿರುವ ಅಕ್ರಿಲಿಕ್ ಗೆಸ್ಸೊ ನೀರನ್ನು ಅಷ್ಟಾಗಿ ಹೀರಿಕೊಳ್ಳುವುದಿಲ್ಲ, ತೆಳು ಬಣ್ಣ ಮೇಲೇ ನಿಂತುಬಿಡುತ್ತದೆ. ಮೀಥೈಲ್ ಸೆಲ್ಯುಲೋಸ್ (ಗಿಡದ ನಾರಿನಿಂದ ತಯಾರಿಸುವ ಅಂಟು) ಜತೆ ಸೀಮೆಸುಣ್ಣ ಕಲಸಿ ಯಾರಾದರೂ ನೋಡಿದ್ದೀರಾ? ಎಷ್ಟು ಗಟ್ಟಿ ಕಲಸಿದಿರಿ? ಪದರ ಜಾಸ್ತಿಯಾದರೆ ಬಿರುಕು ಬಿಡುತ್ತಾ? ಉಜ್ಜುವಾಗ ಪುಡಿಪುಡಿ ಉದುರುತ್ತಾ? ಬೇರೆ ಗಿಡದ ಅಂಟು ಬಳಸಿದವರಿದ್ದರೂ ಹೇಳಿ. ಹಲಗೆಯನ್ನು ಹತ್ತಿರದಿಂದ ತೆಗೆದ ಫೋಟೊ ಹಾಕಿದರೆ ತುಂಬಾ ಉಪಕಾರ.