ಹೆರಿಗೆಯಾದ ಮೇಲೆ ತಾಯಿಯ ಜೀವ ಹೋಗುವುದು ಯಾಕೆ?

ಪ್ರಶ್ನೆ: ನಮಸ್ತೆ ಡಾಕ್ಟ್ರೇ. ನಮ್ಮೂರು ಶಿರಸಿ ಪೇಟೆಯಿಂದ ತುಂಬಾ ಒಳಗೆ. ಹೋದ ಮಳೆಗಾಲ ಪಕ್ಕದ ಕೇರಿಯ ಬಾಣಂತಿ ತೀರಿಕೊಂಡಳು. ಮಗು ಚೆನ್ನಾಗಿತ್ತು, ಅವಳೂ ಮಾತಾಡುತ್ತಿದ್ದಳು. ಎರಡು ತಾಸಿನಲ್ಲಿ ಎಲ್ಲ ಮುಗಿಯಿತು. ಹಣೆಬರಹ ಅಂದರು ಎಲ್ಲರೂ. ನನ್ನ ಅತ್ತಿಗೆಗೆ ಈಗ ಏಳು ತಿಂಗಳು. ತಾಯಿ ಕಾರ್ಡಿನಲ್ಲಿ ರಕ್ತ 8.4 ಅಂತ ಬರೆದಿದ್ದಾರೆ. ಹೆದರಿಕೆ ಆಗುತ್ತಿದೆ.

ಉತ್ತರ: ತಂಗಿ, ಹಣೆಬರಹ ಅನ್ನುವ ಮಾತು ಕೇಳಿದರೆ ನನಗೆ ಸಂಕಟ ಆಗುತ್ತದೆ. ಅವಳನ್ನು ನಾನು ನೋಡಿಲ್ಲ. ಆದರೆ ಎರಡು ತಾಸು ಅಂದಿರಲ್ಲ, ಅಷ್ಟು ಬೇಗ ಜೀವ ತೆಗೆಯುವುದು ಹೆಚ್ಚಾಗಿ ರಕ್ತಸ್ರಾವ.

ತುಂಬಿದ ಗರ್ಭಿಣಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಜಾಸ್ತಿ ರಕ್ತ ಹರಿಯುತ್ತದೆ. ಮಾಸು ಕಳಚಿದ ಕೂಡಲೇ ಗರ್ಭಕೋಶ ಮುಷ್ಟಿಯ ಹಾಗೆ ಬಿಗಿಯಾಗಬೇಕು. ಆಗ ರಕ್ತನಾಳಗಳ ಬಾಯಿ ಮುಚ್ಚುತ್ತದೆ. ಅದು ಸಡಿಲವಾಗೇ ಉಳಿದರೆ ರಕ್ತ ನಿಲ್ಲುವುದಿಲ್ಲ. ಅದಕ್ಕೇ ಮಗು ಹುಟ್ಟಿದ ತಕ್ಷಣ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತೇವೆ. ಅದನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಬಿಸಿಯಲ್ಲಿ ಬಿದ್ದಿದ್ದ ಔಷಧಿ ನಂಬುವ ಹಾಗಿಲ್ಲ.

ಈಗ ಆ 8.4ರ ವಿಷಯ. ಗರ್ಭಿಣಿಗೆ ಹಿಮೋಗ್ಲೋಬಿನ್ 11 ಇರಬೇಕು. 12 ಇದ್ದವಳು ತಡೆದುಕೊಳ್ಳುವಷ್ಟು ರಕ್ತ ಹೋದರೂ ಇವಳಿಗೆ ತಡೆಯುವುದು ಕಷ್ಟ. ಈ ವಾರವೇ ಡಾಕ್ಟರಿಗೆ ತೋರಿಸಿ. ಕಬ್ಬಿಣದ ಮಾತ್ರೆ ಸಾಕೋ, ಡ್ರಿಪ್‌ನಲ್ಲಿ ಕೊಡಬೇಕೋ ಕೇಳಿ. ಮಾತ್ರೆಯ ಜೊತೆ ಚಹಾ ಬೇಡ, ಲಿಂಬು ಶರಬತ್ತು ಆಗಬಹುದು. ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ. ಅಷ್ಟಕ್ಕೇ ಹೆದರಿ ಎಷ್ಟೋ ಜನ ಸುಮ್ನೆ ಬಿಟ್ಟುಬಿಡುತ್ತಾರೆ.

ಇನ್ನೊಂದು ದೊಡ್ಡ ಕಾರಣ ಬಿಪಿ ಏರುವುದು. ಮುಖ, ಕೈ ಬಾತುಕೊಂಡು, ತಲೆ ಸಿಡಿದು, ಕಣ್ಣು ಮಂಜಾದರೆ ಬೆಳಗಾಗುವವರೆಗೆ ಕಾಯಬೇಡಿ. ಬಿಪಿ ಏರಿ ಬರುವ ಫಿಟ್ಸ್ ತಡೆಯಲು ಮೆಗ್ನೀಸಿಯಂ ಸಲ್ಫೇಟ್ ಇದೆ, ಹಳೆಯ ಔಷಧಿ, ದುಬಾರಿಯೂ ಅಲ್ಲ. ಆಮೇಲೆ ನಂಜು. ಬಾಣಂತಿಗೆ ಜ್ವರ, ವಾಸನೆಯ ಸ್ರಾವ ಕಂಡರೆ ಕಷಾಯ ಕುಡಿಸುತ್ತ ಕೂರಬಾರದು.

ಇನ್ನೊಬ್ಬರ ಪ್ರಶ್ನೆ (ಜೋಯಿಡಾದಿಂದ): 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಸತ್ತರಲ್ಲ. ಆಸ್ಪತ್ರೆಗಿಂತ ಮನೆಯೇ ಮೇಲು ಅನ್ನುತ್ತಾರೆ ನಮ್ಮ ಹಿರಿಯರು.

ಉತ್ತರ: ಅವರ ಭಯವನ್ನು ತಪ್ಪು ಅನ್ನಲಾರೆ. ಅಲ್ಲಿ ಡ್ರಿಪ್ ದ್ರಾವಣದ ಮೇಲೆಯೇ ಅನುಮಾನ ಬಂದಿತ್ತು. ಅದಕ್ಕೆ ಲೆಕ್ಕ ಕೇಳಲೇಬೇಕು. ಆದರೆ ಮನೆಯಲ್ಲಿ ರಕ್ತ ಹರಿಯತೊಡಗಿದರೆ ಕೈಯಲ್ಲಿ ಏನಿರುತ್ತದೆ ಹೇಳಿ? 2018–20ರ ಲೆಕ್ಕದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟುವಾಗ ನಮ್ಮ ರಾಜ್ಯದಲ್ಲಿ 69 ತಾಯಂದಿರು ಸತ್ತರು. ಕೇರಳದಲ್ಲಿ 19. ಅಲ್ಲೂ ಮಳೆ ಇದೆ, ಘಟ್ಟ ಇದೆ, ಅಲ್ವಾ?

ಪ್ರಶ್ನೆ: ಡಾಕ್ಟ್ರೇ, ಅತ್ತಿಗೆಯ ದಿನ ತುಂಬುವುದು ಆಷಾಢದಲ್ಲಿ. ದೇವಿಮನೆ ಘಟ್ಟ ಕುಸಿದರೆ ಕುಮಟೆ ಕಡೆ ಇಳಿಯುವ ಹಾಗಿಲ್ಲ. ಏನು ಮಾಡಲಿ?

ಉತ್ತರ: ನೋವು ಬಂದ ಮೇಲೆ ದಾರಿ ಹುಡುಕಬೇಡಿ. ದಿನ ತುಂಬುವುದಕ್ಕೆ ಎರಡು ವಾರ ಮೊದಲೇ ಪೇಟೆಯಲ್ಲಿ ನೆಂಟರ ಮನೆಗೆ ಕರೆತನ್ನಿ. ಶಿರಸಿಯಲ್ಲಿ ಹೆರಿಗೆ ಮಾಡಿಸುವ ಆಸ್ಪತ್ರೆಗೆ ಈಗಲೇ ಹೋಗಿ ಒಂದು ಮಾತು ಕೇಳಿ: ರಾತ್ರಿ ರಕ್ತ ಬೇಕಾದರೆ ಎಲ್ಲಿಂದ ತರುತ್ತೀರಿ? ಅತ್ತಿಗೆಯ ಗುಂಪಿಗೆ ಹೊಂದುವ ರಕ್ತ ಕೊಡಬಲ್ಲ ಇಬ್ಬರು ತಯಾರಿರಲಿ. 108ಕ್ಕೆ ಯಾರು ಫೋನ್ ಮಾಡುವುದು, ಅವಳ ಜೊತೆ ಯಾರು ಹೋಗುವುದು, ಅದೂ ಮೊದಲೇ ತೀರ್ಮಾನ ಆಗಲಿ. ಮನೆಯ ಯಜಮಾನರು ತೋಟದಿಂದ ಬರಲಿ ಅಂತ ಕಾಯುತ್ತ ಕೂತು ತಡವಾದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹೆರಿಗೆಯಾದ ಮೇಲೆ 48 ತಾಸು ಆಸ್ಪತ್ರೆಯಲ್ಲೇ ಇರಲಿ. ಮಗು ನೋಡಲು ಬಂದವರೆಲ್ಲ ತೊಟ್ಟಿಲ ಸುತ್ತ ನಿಲ್ಲುತ್ತಾರೆ. ನೀವು ಅತ್ತಿಗೆಯ ಮಂಚದ ಪಕ್ಕ ಕೂರಿ. ಬಟ್ಟೆ ಮತ್ತೆ ಮತ್ತೆ ತೊಯ್ಯುತ್ತಿದ್ದರೆ, ತಲೆ ತಿರುಗುತ್ತದೆ ಅಂದರೆ, ಕೂಡಲೇ ನರ್ಸ್‌ನ್ನು ಕರೆಯಿರಿ. ಅವರು ಬರುವವರೆಗೆ ಬಿಡಬೇಡಿ.