ಕೂದುಲೆ ದ ಬೊಕಾಸ್ಟೆಲ್ ಕೆಂಪು ವೈನ್: ಕೊಟ್ಟ ದುಡ್ಡಿಗೆ ತಕ್ಕದ್ದೇ? ತೆರೆಯುವುದು ಹೇಗೆ?

ಕೆಂಪುದ್ರಾಕ್ಷಿ (ಪ್ರಶ್ನೆ)
ಫ್ರಾನ್ಸ್‌ನ ಹೆಸರಾಂತ ಕೆಂಪು ವೈನ್ ‘ಶಾತೋ ದ ಬೊಕಾಸ್ಟೆಲ್’ ನನ್ನ ಬಜೆಟ್ಟಿಗೆ ಮೀರಿದ್ದು. ಅದೇ ಪೆರಾಂ ಮನೆತನದ ‘ಕೂದುಲೆ ದ ಬೊಕಾಸ್ಟೆಲ್’ ಅದರ ಕಾಲು ಭಾಗದಿಂದ ಮೂರನೇ ಒಂದು ಭಾಗದ ಬೆಲೆಗೆ ಸಿಗುತ್ತಿದೆ. ಹೆಸರಿಗಾಗಿ ಮಾರುವ ಎರಡನೇ ದರ್ಜೆಯ ಮಾಲೇ ಇದು? ಕೋಳಿ ಚಿತ್ರದ ‘ಲಾ ವಿಯೇಯ್ ಫೆರ್ಮ್’ ಕೂಡ ಇವರದ್ದೇ ಎನ್ನುತ್ತಾರೆ. ಎರಡಕ್ಕೂ ಏನು ವ್ಯತ್ಯಾಸ? ಮುಂದಿನ ತಿಂಗಳು ಪ್ಯಾರಿಸ್‌ನಿಂದ ಬೆಂಗಳೂರಿಗೆ ಬರುವವರ ಕೈಲಿ ತರಿಸಬಹುದು. ಎಷ್ಟು ಬಾಟಲಿ ತರಿಸಲಿ, ಹೇಗೆ ಇಡಲಿ, ಯಾವಾಗ ತೆರೆಯಲಿ?

ರೋನ್_ತೀರ
ಎರಡನೇ ದರ್ಜೆ ಅಲ್ಲ, ಬೇರೆ ತೋಟ. ದಕ್ಷಿಣ ಫ್ರಾನ್ಸ್‌ನ ಅವಿನ್ಯೋಂ ಊರಿನ ಉತ್ತರಕ್ಕೆ, ಕೂರ್ತೆಜೋಂ ಬಳಿ ಬೊಕಾಸ್ಟೆಲ್ ತೋಟ ಇದೆ. 1909ರಿಂದ ಒಂದೇ ಮನೆತನದ ಕೈಯಲ್ಲಿದೆ. ಕೂದುಲೆ ತೋಟ ಅದರ ಪೂರ್ವಕ್ಕೆ, ಎ-7 ಹೆದ್ದಾರಿಯ ಆಚೆ ಬದಿಯಲ್ಲಿ, ಸುಮಾರು 30 ಹೆಕ್ಟೇರ್. ಬೊಕಾಸ್ಟೆಲ್‌ಗಿರುವ ‘ಶಾತೊನೊಫ್ ದ್ಯು ಪಾಪ್’ ಎಂಬ ದುಬಾರಿ ಪ್ರದೇಶದ ಹೆಸರನ್ನು ಲೇಬಲ್ ಮೇಲೆ ಹಾಕಲು ಅನುಮತಿಯಿರುವ ಗಡಿಯಿಂದ ಹೊರಗೆ ಬೀಳುವುದರಿಂದ ಇದು ಬರೀ ‘ಕೋತ್ ದ್ಯು ರೋನ್’, ಅಂದರೆ ರೋನ್ ನದಿ ಸೀಮೆಯ ಸಾಮಾನ್ಯ ಹೆಸರಿನ ವೈನ್. ಬೆಲೆ ಇಳಿಯಲು ದೊಡ್ಡ ಕಾರಣ ಈ ಗಡಿ. ನೆಲ ಮಾತ್ರ ಅದೇ ಜಾತಿಯದು: ಕೆಳಗೆ ಹಳೆಯ ಸಮುದ್ರತಳದ ಮರಳುಗಲ್ಲು, ಮೇಲೆ ಆಲ್ಪ್ಸ್‌ನಿಂದ ಉರುಳಿ ಬಂದ ಉರುಟುಕಲ್ಲುಗಳು. ಹಗಲಿನ ಬಿಸಿಯನ್ನು ಹೀರಿಕೊಂಡು ರಾತ್ರಿ ಬಿಡುವ ಕಲ್ಲುಗಳಿವು. ತಡವಾಗಿ ಮಾಗುವ ಮೂರ್ವೆದ್ರ್ ಎಂಬ ದ್ರಾಕ್ಷಿ ತಳಿಗೆ ಈ ಕಾವು ಬೇಕೇ ಬೇಕು.

ದ್ರಾಕ್ಷಿ ತಳಿಗಳ ಮಿಶ್ರಣ ಸುಮಾರಾಗಿ ಗ್ರೆನಾಶ್ 30, ಮೂರ್ವೆದ್ರ್ 30, ಸಿರಾ 20, ಸಾಂಸೋ 20 ಪ್ರತಿಶತ. ಕೋತ್ ದ್ಯು ರೋನ್‌ಗಳಲ್ಲಿ ಸಾಮಾನ್ಯವಾಗಿ ಗ್ರೆನಾಶ್‌ನದೇ ಯಜಮಾನಿಕೆ. ಮೂರನೇ ಒಂದು ಭಾಗದಷ್ಟು ಮೂರ್ವೆದ್ರ್ ಹಾಕುವವರು ಅಪರೂಪ. ನನ್ನ ಮಟ್ಟಿಗೆ ಈ ಬಾಟಲಿ ಕೊಳ್ಳಲು ಅದೊಂದೇ ಕಾರಣ ಸಾಕು.

ತಯಾರಿಕೆಯಲ್ಲೂ ದೊಡ್ಡಣ್ಣ ಬೊಕಾಸ್ಟೆಲ್‌ನ ಪದ್ಧತಿಯೇ. ಅದೇ ಮನೆತನದ ಜಾಕ್ ಪೆರಾಂ ರೂಢಿಗೆ ತಂದ ಕ್ರಮದಂತೆ ದ್ರಾಕ್ಷಿಯ ಸಿಪ್ಪೆಯನ್ನು ಕ್ಷಣಕಾಲ 80 ಡಿಗ್ರಿಗೆ ಬಿಸಿ ಮಾಡಿ, ತಕ್ಷಣ 20ಕ್ಕೆ ತಣಿಸುತ್ತಾರೆ. ರಸವನ್ನು ಕಂದುಗಟ್ಟಿಸುವ ಕಿಣ್ವಗಳು ಅಲ್ಲೇ ಸಾಯುತ್ತವೆ, ಬಣ್ಣ ಬೇಗ ಬಿಡುತ್ತದೆ, ವೈನ್ ಕೆಡದಂತೆ ಹಾಕುವ ಗಂಧಕ ಕಡಿಮೆ ಸಾಕಾಗುತ್ತದೆ. ಆಮೇಲೆ ಸುಮಾರು 12 ದಿನ ಸಿಪ್ಪೆಯೊಂದಿಗೆ ನೆನೆಸುವುದು, ಬಳಿಕ ದೊಡ್ಡ ಓಕ್ ಪೀಪಾಯಿಗಳಲ್ಲಿ ಕೆಲವು ತಿಂಗಳು. ಪೀಪಾಯಿ ದೊಡ್ಡದಾದ್ದರಿಂದ ವೆನಿಲಾ, ಸುಟ್ಟ ಮರದ ವಾಸನೆ ಹತ್ತುವುದಿಲ್ಲ.

ಲಾ ವಿಯೇಯ್ ಫೆರ್ಮ್ ಬೇರೆಯೇ ಲೆಕ್ಕ. ಅದು ಕೊಂಡುತಂದ ಹಣ್ಣಿನದು, ಆ ವರ್ಷವೇ ಕುಡಿಯಲು. ಕೂದುಲೆಗೆ ಹೋಲಿಸಲೇಬೇಡಿ.

ಗಸಿ_ಸೋಸುವವ
ಮೇಲಿನದಕ್ಕೆ ಒಂದು ಸೇರ್ಪಡೆ: ಬಿಳಿ ಕೂದುಲೆಯೂ ಇದೆ. ತರುವವರಿಗೆ ಲೇಬಲ್ ಮೇಲೆ ‘ರೂಜ್’ (ಕೆಂಪು) ಎಂದು ನೋಡಿಕೊಳ್ಳಲು ಹೇಳಿ.

ಎರಡು ಬಾಟಲಿ ತರಿಸಿ. ಸುಂಕವಿಲ್ಲದೆ ತರಬಹುದಾದ ಮದ್ಯ ಒಬ್ಬರಿಗೆ 2 ಲೀಟರ್. 750 ಮಿ.ಲೀ.ನ ಮೂರು ಬಾಟಲಿ 2.25 ಆಗಿ ಮಿತಿ ದಾಟುತ್ತದೆ. ಚೆಕ್-ಇನ್ ಸೂಟ್‌ಕೇಸಿನ ನಡುವೆ, ಪ್ಲಾಸ್ಟಿಕ್ ಚೀಲದೊಳಗೆ, ಸುತ್ತ ಬಟ್ಟೆ.

ಬಂದ ದಿನವೇ ತೆರೆಯಬೇಡಿ. ಕುಲುಕಾಟಕ್ಕೆ ಒಂದೆರಡು ವಾರ ವಿಶ್ರಾಂತಿ ಕೊಡಿ. ಲೇಬಲ್ ಮೇಲಿರುವ ಕೊಯ್ಲಿನ ವರ್ಷಕ್ಕೆ 4–8 ವರ್ಷ ಸೇರಿಸಿದರೆ ಇದು ಚೆನ್ನಾಗಿ ಅರಳುವ ಕಾಲ. ಆದರೆ ಅಷ್ಟು ದಿನ ಇಡಲು 12–14 ಡಿಗ್ರಿಯ ಜಾಗ ಬೇಕು. ಏಪ್ರಿಲ್‌ನ ಬೆಂಗಳೂರಿನ ಬೀರು ಆಗುವುದಿಲ್ಲ: ವೈನ್ ಉಬ್ಬಿ ಕಾರ್ಕನ್ನು ತಳ್ಳುತ್ತದೆ, ತಣಿದಾಗ ಗಾಳಿ ಒಳನುಗ್ಗುತ್ತದೆ, ಹಣ್ಣಿನ ರುಚಿ ಬೇಯಿಸಿದ ಜಾಮ್‌ನಂತಾಗುತ್ತದೆ. ವೈನ್ ಫ್ರಿಜ್ ಇಲ್ಲದಿದ್ದರೆ 5–6 ವರ್ಷ ಹಳೆಯದನ್ನೇ ಕೊಂಡು, ಒಂದು ತಿಂಗಳೊಳಗೆ ಮುಗಿಸಿ.

ಬಡಿಸುವ ಉಷ್ಣತೆ 16–17 ಡಿಗ್ರಿ. ನಮ್ಮ ಮನೆಗಳ 28ರಲ್ಲಿ ಸುರಿದರೆ ಮದ್ಯದ ಘಾಟು ಮಾತ್ರ ಮೂಗಿಗೆ ಬರುತ್ತದೆ. ಐಸ್ ನೀರಲ್ಲಿ ಹತ್ತು ನಿಮಿಷ ಅದ್ದಿಟ್ಟರೆ ಸಾಕು. ಡಿಕ್ಯಾಂಟರ್‌ನಲ್ಲಿ (ಗಾಳಿಯಾಡಲು ವೈನ್ ಸುರಿದಿಡುವ ಅಗಲ ಪಾತ್ರೆ) ಎರಡು ಗಂಟೆ.

ರೋನ್_ತೀರ
ಎರಡು ಗಂಟೆ ಎಳೆಯ ಬಾಟಲಿಗೆ ಸರಿ. ಎಂಟು ವರ್ಷ ದಾಟಿದ್ದಕ್ಕೆ ಬೇಡ, ಗ್ರೆನಾಶ್ ಗಾಳಿಗೆ ಬೇಗ ಸೋಲುತ್ತದೆ. ಹಿಂದಿನ ದಿನ ನೆಟ್ಟಗೆ ನಿಲ್ಲಿಸಿ, ಗಸಿ ಕೂತ ಮೇಲೆ ನಿಧಾನಕ್ಕೆ ಬಗ್ಗಿಸಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ.

ಮೂರ್ವೆದ್ರ್‌ನ ಚರ್ಮದಂಥ, ಮಾಂಸದಂಥ ವಾಸನೆಗೆ ಹೆದರಬೇಡಿ, ಅದು ತಳಿಯ ಗುಣ. ಮೊದಲು ಬೆಂಕಿಕಡ್ಡಿ ಗೀರಿದ ವಾಸನೆ ಬಂದರೆ ಗಾಳಿಗೆ ಹೋಗುತ್ತದೆ. ಯಾವ ವೈನ್‌ನಲ್ಲೇ ಆಗಲಿ, ಒದ್ದೆ ರಟ್ಟಿನ ವಾಸನೆ ಬಂದರೆ ಕಾರ್ಕ್ ಕೆಟ್ಟಿದೆ. ಎಷ್ಟು ಹೊತ್ತು ಇಟ್ಟರೂ ಅದು ಹೋಗುವುದಿಲ್ಲ.

ಕೆಂಪುದ್ರಾಕ್ಷಿ
ಧನ್ಯವಾದ ಇಬ್ಬರಿಗೂ. ಮಟನ್ ಸಾರಿನ ಜೊತೆ ಆಗುತ್ತದೆಯೇ? ಅರ್ಧ ಬಾಟಲಿ ಉಳಿದರೆ?

ಗಸಿ_ಸೋಸುವವ
ಖಾರದ ಸಾರಿಗೆ ಬೇಡ ಸರ್. 14 ಪ್ರತಿಶತದ ಆಸುಪಾಸಿನ ಮದ್ಯ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತದೆ, ಒಗರು ನಾಲಿಗೆಗೆ ಕಹಿಯಾಗುತ್ತದೆ. ಕಾಳುಮೆಣಸಿನ ಮಟನ್ ಫ್ರೈ, ಹದವಾಗಿ ಖಾರ ಹಾಕಿದ್ದು, ಚೆನ್ನಾಗಿ ಹೊಂದುತ್ತದೆ. ಮೂರ್ವೆದ್ರ್, ಸಿರಾ ಎರಡಕ್ಕೂ ಕಾಳುಮೆಣಸಿನ ನಂಟಿದೆ.

ಉಳಿಸುವುದು ಖಚಿತವಾದರೆ ತೆರೆದ ತಕ್ಷಣವೇ ತೊಳೆದ 375 ಮಿ.ಲೀ. ಬಾಟಲಿಗೆ ಕತ್ತಿನವರೆಗೆ ತುಂಬಿಸಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಮೂರು ದಿನ ನಿಲ್ಲುತ್ತದೆ. ಅರ್ಧ ಖಾಲಿಯಾದ ದೊಡ್ಡ ಬಾಟಲಿಯಲ್ಲೇ ಬಿಟ್ಟರೆ ಮರುದಿನ ಸಂಜೆಗೇ ಸಪ್ಪೆ.